ಕೋಳಿ ಕಾವಿಗಿಟ್ಟ ಬಾಟಲಿ

ಮಳವಳ್ಳಿಯಲ್ಲಿ ಬಸ್ಸಿಳಿದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಕುರಿಯ ತಲೆಕಾಲು ಸುಡುವ ವಾಸನೆ ಮೂಗಿಗೆ ಬಂತು. ಪಕ್ಷದ ಅಮಾವಾಸ್ಯೆಯ ಬೆಳಿಗ್ಗೆ. ಮಟನ್ ಅಂಗಡಿಗಳ ಸಾಲಿನ ಕೊನೆಯಲ್ಲಿ ಒಬ್ಬಾತ ಇದ್ದಿಲ ಒಲೆಗೆ ಗಾಳಿ ಹಾಕುತ್ತಾ, ಸರಳಿಗೆ ಚುಚ್ಚಿದ ತಲೆಯನ್ನು ತಿರುಗಿಸಿ ತಿರುಗಿಸಿ ಕೂದಲು ಸುಡುತ್ತಿದ್ದ. ದಾರಿಹೋಕರು ಮೂಗಿಗೆ ಸೆರಗು ಹಿಡಿದು ಬೇಗಬೇಗ ದಾಟುತ್ತಿದ್ದರು. ನಾನು ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಪಾಲಿಗೆ ಬಂದದ್ದು ಇದು. ಏನು ಮಾಡುವುದು, ಆ ಒಂದು ವರ್ಷ ನಾನು ಈ ವಾಸನೆಯಲ್ಲೇ ಬದುಕಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಪಿಎಚ್‌ಡಿಯ ಕೊನೆಯ ಕೆಲಸಕ್ಕೆಂದು ಜೂನ್ ತಿಂಗಳಲ್ಲಿ ಮಂಡ್ಯಕ್ಕೆ ಬಂದೆ. ಆ ವರ್ಷದ ಮಾಘದಲ್ಲಿ ಅಮ್ಮ ತೀರಿಕೊಂಡಿದ್ದಳು. ಅವಳು ಹಾಸನದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಅಪ್ಪನ ಮುಖ ನನಗೆ ನೆನಪಿಲ್ಲ. ಒಡಹುಟ್ಟಿದವರಿಲ್ಲ. ಹಾಸ್ಟೆಲಿನ ಉಗ್ರಾಣದ ಹಿಂದಿನ ಒಂದು ಕೋಣೆಯೇ ನಮ್ಮ ಮನೆ. ಅಮ್ಮ ಹೋದ ಮೇಲೆ ಆ ಕೋಣೆ ಹೊಸ ಅಡುಗೆಯವರಿಗೆ ಹೋಯಿತು, ಅದು ನ್ಯಾಯವೇ. ಒಂದು ಟ್ರಂಕು, ಒಂದು ಕಾವಲಿ ನನ್ನ ಜೊತೆ ಬಂದವು. ಕಾವಲಿಯನ್ನು ಯಾಕೆ ತಂದೆನೋ, ನನಗೆ ರೊಟ್ಟಿ ತಟ್ಟಲು ಬರುವುದಿಲ್ಲ. ನಾನು ತಟ್ಟಿದ ರೊಟ್ಟಿ ಕಾವಲಿಯಿಂದ ಏಳುವಾಗ ಒಂದು ಅಂಚನ್ನು ಅಲ್ಲೇ ಬಿಟ್ಟು ಏಳುತ್ತದೆ. "ಇದ್ಯಾವ ದೇಶದ ನಕ್ಷೆನೇ?" ಎಂದು ಅಮ್ಮ ನಗುತ್ತಿದ್ದಳು. ಮಂಡ್ಯದ ಬಾಡಿಗೆ ಕೋಣೆಯಲ್ಲಿ ಆ ಕಾವಲಿ ಮಂಚದ ಕೆಳಗೆ ಕೂತಿತ್ತು. ನಾನು ಮೆಸ್ಸಿನಲ್ಲಿ ಉಣ್ಣುತ್ತಿದ್ದೆ.

ನನ್ನ ಕೆಲಸ ಏನೆಂದು ಆ ವರ್ಷ ಎಷ್ಟೋ ಜನಕ್ಕೆ ಹೇಳಿದ್ದೇನೆ, ಹೇಳುತ್ತಾ ಹೇಳುತ್ತಾ ನನಗೇ ಸ್ವಲ್ಪ ಅರ್ಥವಾಯಿತು. ಎದೆಗೂಡಿನ ಮೇಲ್ಭಾಗದಲ್ಲಿ, ಕತ್ತಿನ ಬುಡದವರೆಗೆ, ಥೈಮಸ್ ಎಂಬ ಮೆತ್ತನೆಯ ಗ್ರಂಥಿ ಇರುತ್ತದೆ. ಎಳೆಯರಲ್ಲಿ ದೊಡ್ಡದು, ವಯಸ್ಸಾದಂತೆ ಕರಗುತ್ತದೆ. ರೋಗದ ವಿರುದ್ಧ ಕಾದಾಡುವ ಒಂದು ಜಾತಿಯ ಜೀವಕೋಶಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಬೆಳೆಯುವುದಕ್ಕೆ ಇಲ್ಲಿಗೆ ಬರುತ್ತವೆ. ಪ್ರತಿ ಕೋಶದ ಮೈಮೇಲೆ ರಿಸೆಪ್ಟರುಗಳಿರುತ್ತವೆ. ಅವನ್ನು ಕೈಗಳೆಂದುಕೊಳ್ಳಿ. ನಮ್ಮವರು ಯಾರು, ಹೊರಗಿನವರು ಯಾರು ಎಂದು ಕೋಶ ಮುಟ್ಟಿ ತಿಳಿಯುವುದು ಈ ಕೈಗಳಿಂದಲೇ. ವಿಚಿತ್ರವೆಂದರೆ, ಬೆಳೆಯುವ ವಯಸ್ಸಿನ ಕೋಶ ಇಂಥ ಕೈಗಳನ್ನು ಬೇಕಾದಷ್ಟು ತಯಾರಿಸುತ್ತದೆ, ಆದರೆ ಹೊರಗೆ ಚಾಚುವುದಿಲ್ಲ. ತಯಾರಾದದ್ದನ್ನು ಒಳಗೇ ಎಳೆದುಕೊಂಡು ಅಲ್ಲೇ ಮುರಿದುಹಾಕುತ್ತದೆ. ಕೆಲವನ್ನು ಮಾತ್ರ ಹೊರಗೆ ಬಿಟ್ಟು ಪರೀಕ್ಷೆಗೆ ನಿಲ್ಲುತ್ತದೆ. ನಮ್ಮ ಮೈಯನ್ನೇ ಜೋರಾಗಿ ಹಿಡಿದರೆ ಅಪಾಯ, ಏನನ್ನೂ ಹಿಡಿಯದಿದ್ದರೆ ದಂಡ. ಹದವಾಗಿ ಮುಟ್ಟಿದ್ದು ಪಾಸು, ಅದಕ್ಕೆ ಆಮೇಲೆ ಕೈತುಂಬ ಕೈ. ಉಳಿದವು, ಅಂದರೆ ಬಹುಪಾಲು, ಅಲ್ಲೇ ಸಾಯುತ್ತವೆ. ಕುರಿಮರಿಗಳಲ್ಲಿ ಈ ಎಳೆಯ ಕೋಶಗಳ ಮೈಮೇಲೆ ಎಷ್ಟು ಕೈ ಇರುತ್ತವೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು.

ಬಂಡೂರು ತಳಿಯ ಮರಿಗಳೇ ಬೇಕು, ವಯಸ್ಸು ಗೊತ್ತಿರಬೇಕು ಎಂಬುದು ನನ್ನ ಗೈಡ್ ಮೇಡಂ ಅವರ ಷರತ್ತು. ಅವರು ಬೆಂಗಳೂರಿನಲ್ಲಿ ಕೂತು ಫೋನು ಮಾಡುತ್ತಿದ್ದರು. ನಾನು ಗುರುವಾರ ಗುರುವಾರ ಥರ್ಮಕೋಲ್ ಡಬ್ಬದಲ್ಲಿ ಐಸು ತುಂಬಿಕೊಂಡು ಮೊದಲ ಬಸ್ಸಿಗೆ ಮದ್ದೂರು, ಅಲ್ಲಿಂದ ಇನ್ನೊಂದು ಬಸ್ಸಿಗೆ ಮಳವಳ್ಳಿ. ಅಲ್ಲಿ ನಿಂಗಣ್ಣನವರ ಮಟನ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಐವತ್ತು ದಾಟಿದ ಗಟ್ಟಿ ಆಳು, ಕತ್ತಿ ಹಿಡಿದರೆ ಮಾತಿಲ್ಲ, ಕತ್ತಿ ಇಟ್ಟರೆ ಮಾತು ನಿಲ್ಲದು. ಮೊದಲ ದಿನ ನಾನು ಗ್ರಂಥಿಯನ್ನು ತೋರಿಸಿ ಇದು ಬೇಕು ಎಂದಾಗ ಅವರು ನನ್ನನ್ನು ಕೆಳಗಿಂದ ಮೇಲೆ ನೋಡಿದರು.

"ಇದಾ? ಕತ್ತಿನ ಬೆಣ್ಣೆ ಕಣವ್ವ ಇದು. ನಾಯಿಗಾಕ್ತೀವಿ. ಇದ್ಕೆ ಮಂಡ್ಯದಿಂದ ಬಂದ್ಯಾ?"

ಆ ಹೆಸರು ಅವರೇ ಇಟ್ಟದ್ದು. ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲೂ ಒಂದೆರಡು ಕಡೆ ಕತ್ತಿನ ಬೆಣ್ಣೆ ಎಂದೇ ಬಿದ್ದಿದೆ.

ಅವರ ಹೆಂಡತಿ ದೇವಮ್ಮಕ್ಕ. ಗಂಡ ಕಡಿದದ್ದನ್ನು ಇವರು ತೂಗಿ ಕಟ್ಟಿ ಕೊಡುವವರು. ನಾನು ಗ್ರಂಥಿಯನ್ನು ಐಸಿನ ಮೇಲೆ ಮಲಗಿಸುವುದನ್ನು ಅವರು ಪ್ರತಿ ವಾರ ಹುಬ್ಬುಗಂಟಿಕ್ಕಿ ನೋಡುತ್ತಿದ್ದರು. ಒಂದು ದಿನ ಕಾಫಿ ಕೊಟ್ಟು ಕೇಳಿಯೇಬಿಟ್ಟರು.

"ಅದ್ರಾಗೆ ಏನವ್ವ ನೋಡ್ತೀಯ?"

"ಇದರಲ್ಲಿ ಕೋಟಿಗಟ್ಟಲೆ ಜೀವ ಇದೆ ಅಕ್ಕ. ಕುರಿ ಸತ್ತರೂ ಇವು ಇನ್ನೂ ಸತ್ತಿಲ್ಲ" ಎಂದು ಶುರುಮಾಡಿ, ಕೈ ಒಳಗೆಳೆದುಕೊಳ್ಳುವ ಕಥೆಯನ್ನೆಲ್ಲ ಹೇಳಿದೆ.

ಅವರು ಗಲ್ಲದ ಮೇಲೆ ಬೆರಳಿಟ್ಟುಕೊಂಡು ಕೇಳಿದರು. "ಅಂಗಂದ್ರೆ ಒಸ ಸೊಸೆ ಇದ್ದಂಗೆ ಅನ್ನು. ಅತ್ತೆ ಮನೇಲಿ ಕೈ ಸೆರಗ್ನೊಳಗೆ. ಎಲ್ಲಾರೂ ನೋಡ್ತಾವ್ರಲ್ಲ."

"ಹಾಗೇ ಅಂದ್ಕೊಳ್ಳಿ."

"ಪಾಪ, ಜೀವ ಇರೋದ್ನ ಐಸ್ ಮೇಲೆ ಮನುಗುಸ್ತೀಯಲ್ಲೇ" ಎಂದರು. ನಾನು ನಕ್ಕೆ. ಆ ಮಾತನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಂದು ನನಗೆ ಹೊಳೆಯಲಿಲ್ಲ.

ಆಷಾಢ ಹೀಗೆ ಕಳೆಯಿತು. ಗಾಳಿ ಜೋರು, ಮಳೆ ಕಮ್ಮಿ. ಪ್ರಯೋಗಾಲಯ ಮಂಡ್ಯದ ಹೊರಗೆ, ಗದ್ದೆಗಳ ನಡುವೆ ಒಂಟಿ ಕಟ್ಟಡ. ಮೂರು ಕೋಣೆ, ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಎಣಿಸುವ ಒಂದು ಯಂತ್ರ, ಬಾಗಿಲು ಕಾಯುವ ಒಬ್ಬ ಮಾತಿಲ್ಲದ ಮುದುಕ, ನಾನು. ಬೆಳಿಗ್ಗೆ ಯಂತ್ರಕ್ಕೆ ನಮಸ್ಕಾರ, ಸಂಜೆ ಯಂತ್ರಕ್ಕೆ ನಮಸ್ಕಾರ. ಕೆಲವು ದಿನ ಮೆಸ್ಸಿನವರು "ಸಾರು ಹಾಕ್ಲಾ?" ಎಂದು ಕೇಳಿದ್ದೊಂದೇ ಆ ದಿನ ಮನುಷ್ಯರು ನನ್ನ ಜೊತೆ ಆಡಿದ ಮಾತು. ಅಮ್ಮನ ನಂಬರನ್ನು ಫೋನಿನಿಂದ ಅಳಿಸಿರಲಿಲ್ಲ. ಸಂಜೆ ಏಳಕ್ಕೆ ಅವಳ ಫೋನು ಬರುವ ಹೊತ್ತು. ಏಳಕ್ಕೆ ಸರಿಯಾಗಿ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಶ್ರಾವಣ ಬಂತು, ಮಟನ್ ಅಂಗಡಿಗಳಿಗೆ ನೊಣ ಹೊಡೆಯುವ ಕೆಲಸ. ಅರ್ಧ ಊರು ಬಾಡು ಬಿಟ್ಟಿರುತ್ತದೆ. ವಾರಕ್ಕೊಂದು ಮರಿ ಸಿಕ್ಕರೆ ಹೆಚ್ಚು. ಸಿಕ್ಕಿದ್ದರಲ್ಲೂ ನನ್ನ ಲೆಕ್ಕ ಕೂಡಿಬರಲಿಲ್ಲ. ಒಂದು ವಾರ ಕೋಶಗಳ ಮೇಲೆ ರಿಸೆಪ್ಟರು ಕಡಿಮೆ, ಪುಸ್ತಕದಲ್ಲಿರುವ ಹಾಗೆ. ಮುಂದಿನ ವಾರ ಮೂರು ಪಟ್ಟು, ನಾಲ್ಕು ಪಟ್ಟು. ಅದೇ ತಳಿ, ಅದೇ ವಯಸ್ಸು, ಅದೇ ಬಣ್ಣ, ಅದೇ ನಾನು. ಮೇಡಂಗೆ ಕಳಿಸಿದರೆ ಅವರು ಫೋನಿನಲ್ಲಿ ನಿಟ್ಟುಸಿರು ಬಿಟ್ಟರು.

"ನಿನ್ನ ಕೈ ಸ್ಥಿರ ಇಲ್ಲ. ದೀಪಾವಳಿಯೊಳಗೆ ಒಂದೇ ಥರದ ರೀಡಿಂಗ್ ಬರಲಿಲ್ಲ ಅಂದರೆ ಈ ಅಧ್ಯಾಯ ಬಿಟ್ಟುಬಿಡೋಣ. ಅಂದರೆ ನಿನ್ನ ಥೀಸಿಸ್ಸೂ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಐದು ವರ್ಷದ ಕೆಲಸ. ಅಮ್ಮ ಮೂರು ಸಾವಿರ ಹುಡುಗಿಯರಿಗೆ ಅನ್ನ ಬಡಿಸಿದ ಕೈಯಲ್ಲೇ ಮಗಳನ್ನು 'ಡಾಕ್ಟರು' ಮಾಡುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ಬಂದ ಕೆಲಸ. ಎಂಥ ಡಾಕ್ಟರು ಎಂದು ಕೊನೆಯವರೆಗೂ ಅವಳಿಗೆ ಸರಿಯಾಗಿ ಗೊತ್ತಾಗಲಿಲ್ಲ. "ಕುರಿ ಡಾಕ್ಟರಾದ್ರೂ ಡಾಕ್ಟರೇ" ಅನ್ನುತ್ತಿದ್ದಳು. ಅದು ಕೈಬಿಟ್ಟರೆ ನನಗೆ ಹೇಳಿಕೊಳ್ಳುವುದಕ್ಕೆ ಮನೆಯೂ ಇಲ್ಲ, ಹೆಸರೂ ಇಲ್ಲ ಎಂದು ಭಯವಾಯಿತು.

ಆ ದಿನಗಳಲ್ಲಿ ನನಗೊಂದು ಅಭ್ಯಾಸ ಅಂಟಿತ್ತು. ಗ್ರಂಥಿಯನ್ನು ಚೂರು ಮಾಡಿ, ಜಾಲರಿಯಲ್ಲಿ ಸೋಸಿ, ಬಿಡಿಬಿಡಿಯಾದ ಕೋಶಗಳನ್ನು ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಹಾಕಿ, ಮೈಶಾಖದ ಪೆಟ್ಟಿಗೆಯಲ್ಲಿ 'ವಿಶ್ರಾಂತಿ'ಗೆ ಇಡುತ್ತಿದ್ದೆ. ಅವು ಸುಧಾರಿಸಿಕೊಳ್ಳಲಿ ಎಂದು. ಅವು ಸುಧಾರಿಸಿಕೊಳ್ಳುವಾಗ ನನಗೆ ಆ ಕಟ್ಟಡದಲ್ಲಿ ಕೂರಲಾಗುತ್ತಿರಲಿಲ್ಲ. ಕೆಲವು ದಿನ ಸೀದಾ ರೈಲ್ವೆ ಸ್ಟೇಷನ್ನಿಗೆ ಹೋಗಿ ಮದ್ದೂರಿಗೆ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ಅಲ್ಲೇನೂ ಕೆಲಸವಿಲ್ಲ. ಮದ್ದೂರಿನ ಪ್ಲಾಟ್‌ಫಾರಮ್ಮಿನಲ್ಲಿ ಕೂತು ಒಂದು ವಡೆ ತಿನ್ನುವುದು, ಜನ ಹತ್ತುವುದು ಇಳಿಯುವುದು ನೋಡುವುದು, ಒಬ್ಬರಿಗೊಬ್ಬರು "ಊಟ ಮಾಡ್ಕೊಂಡ್ ಬಂದ್ಯೇನ್ಲಾ?" "ಬೆಳಕಿರಂಗೆ ಮನೆ ಸೇರ್ಕೊ" ಅನ್ನುವುದನ್ನು ಕೇಳುವುದು. ಇನ್ನೊಬ್ಬರ ಮಾತಿನ ನೆರಳಿನಲ್ಲಿ ಕೂತು ವಾಪಸ್ಸು ಬರುವುದು. ಒಮ್ಮೊಮ್ಮೆ ಎರಡು ರೈಲು ಬಿಟ್ಟು ಮೂರನೆಯದಕ್ಕೆ ಬರುತ್ತಿದ್ದೆ.

ಭಾದ್ರಪದ ಹುಟ್ಟಿದ ಮೇಲೆ ಒಂದು ಗುರುವಾರ, ಅಮ್ಮ ಹೋದದ್ದನ್ನು ನನ್ನಿಂದ ತಿಳಿದಿದ್ದ ದೇವಮ್ಮಕ್ಕ ಕೇಳಿದರು. "ಈ ಸಲ ಪಕ್ಸಕ್ಕೆ ನಿಮ್ಮವ್ವಂಗೆ ಯಾರವ್ವ ಎಲೆ ಆಕೋರು?"

ಆ ಕಡೆ ಪಕ್ಷದ ಹಬ್ಬಕ್ಕೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸುತ್ತಾರೆ, ಬಾಡೂ ಇರುತ್ತದೆ. ಹಾಸ್ಟೆಲಿನಲ್ಲಿ ಬೆಳೆದ ನಾನು ಇದನ್ನೆಲ್ಲ ಕೇಳಿ ಬಲ್ಲೆ, ಕಂಡು ಅರಿಯೆ.

"ಯಾರೂ ಇಲ್ಲ ಅಕ್ಕ. ನನಗೆ ಅದರಲ್ಲೆಲ್ಲ ನಂಬಿಕೆನೂ ಇಲ್ಲ."

"ನಿನ್ನ ನಂಬ್ಕೆ ಯಾವನಿಗೆ ಬೇಕು? ಉಣ್ಣೋರು ಅವ್ರು" ಎಂದರು. ಆಮೇಲೆ, ಮಾತಿಗೆ ಮಾತು ಎಂಬಂತೆ, "ಏನಿಷ್ಟ ಅವ್ರಿಗೆ?" ಎಂದರು.

"ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ."

"ಬಾಡಿಲ್ವಾ?"

"ಅಷ್ಟು ಹುಡುಗಿಯರಿಗೆ ಮಾಡಿ ಮಾಡಿ ಅವಳಿಗೆ ಬೇರೆ ಯಾವುದೂ ಬೇಡವಾಗಿತ್ತು."

ಅಮಾವಾಸ್ಯೆಯ ದಿನ ನಿಂಗಣ್ಣನವರ ಅಂಗಡಿಯಲ್ಲಿ ಬೆಳಗಾಗುವ ಮೊದಲೇ ಕುರಿ ಬೀಳುತ್ತವೆ. "ಮೂರು ಮರಿ ಅವೆ, ನಿಂಗೆ ಬೇಕಾದಂಥವು. ಏಳ್ಕೆ ಬಂದ್ಬುಡು" ಎಂದು ಹಿಂದಿನ ದಿನವೇ ಫೋನು ಮಾಡಿದ್ದರು. ಮೂರು ಗ್ರಂಥಿ ಒಂದೇ ದಿನ ಸಿಕ್ಕುವುದೆಂದರೆ ನನಗೆ ಹಬ್ಬವೇ. ದೀಪಾವಳಿಗೆ ಮೊದಲು ಒಂದೇ ದಿನ ಅಷ್ಟು ಮರಿಗಳು ಮತ್ತೆ ಸಿಗುವಂತಿರಲಿಲ್ಲ. ಐದೂವರೆಗೆಲ್ಲ ಮದ್ದೂರು ಬಸ್ ನಿಲ್ದಾಣದಲ್ಲಿದ್ದೆ.

ಅಲ್ಲಿ ಕೂತವಳು ಏಳಲಿಲ್ಲ. ಬಸ್ಸಿಗೆ ಬರುತ್ತಿದ್ದವರ ಕೈಯಲ್ಲೆಲ್ಲ ಬಾಳೆಲೆಯ ಸುರುಳಿ, ಹಣ್ಣಿನ ಚೀಲ, ಎಡೆಗಿಡುವ ಹೊಸ ಸೀರೆ ಪಂಚೆ. ಎಲ್ಲರೂ ತಮ್ಮ ತಮ್ಮ ಸತ್ತವರ ಕಡೆಗೆ ಹೊರಟಿದ್ದರು. ನನ್ನ ತೊಡೆಯ ಮೇಲೆ ಥರ್ಮಕೋಲ್ ಡಬ್ಬ. ಮಳವಳ್ಳಿ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಕಂಡಕ್ಟರು "ಮಳೊಳ್ಳಿ ಮಳೊಳ್ಳಿ" ಎಂದು ನನ್ನ ಮುಖ ನೋಡಿಯೇ ಕೂಗಿದರೂ ಕಾಲು ಬರಲಿಲ್ಲ. ಡಬ್ಬದ ಐಸು ಕರಗಿ ತೊಡೆ ಒದ್ದೆಯಾಗಿ ಎಚ್ಚರವಾದಾಗ ಹತ್ತೂವರೆ. ಫೋನು ಚಾರ್ಜಿಲ್ಲದೆ ಸತ್ತಿತ್ತು. ಮಳವಳ್ಳಿ ಸೇರಿದ್ದು ಹನ್ನೆರಡಕ್ಕೆ. ತಡವಾದದ್ದು ನನ್ನಿಂದ. ಆದರೆ ತಪ್ಪು ನನ್ನದೇ ಎಂದು ಗೊತ್ತಿರುವವರ ಸಿಟ್ಟು ಬೇರೆಯವರ ಮೇಲೆಯೇ ಹರಿಯುವುದು.

ಅಂಗಡಿ ಮುಚ್ಚಿತ್ತು. ಹಿಂದೆ ಮನೆಗೆ ಹೋದೆ. ನಡುಮನೆಯ ಕದ ಹಾಕಿತ್ತು. ಹೊರಗೆ ಜಗಲಿಯಲ್ಲಿ ನಿಂಗಣ್ಣ, ಅವರ ಇಬ್ಬರು ಹೆಣ್ಣುಮಕ್ಕಳು, ದೇವಮ್ಮಕ್ಕ ಎಲ್ಲರೂ ಕೈಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಎಡೆ ಇಟ್ಟ ಮೇಲೆ ಕದ ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ, ಹಿರಿಯರು ಒಳಗೆ ಉಣ್ಣುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ.

"ಅಕ್ಕಾ, ನನ್ನ ಕತ್ತಿನ ಬೆಣ್ಣೆ?"

ದೇವಮ್ಮಕ್ಕ ತುಟಿಯ ಮೇಲೆ ಬೆರಳಿಟ್ಟು, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಒಂದು ಮಂಕರಿ. ಅದರೊಳಗೆ ಹುಲ್ಲಿನ ಮೇಲೆ ಕಾವು ಕೂತ ಒಂದು ಕೆಂಪು ಕೋಳಿ. ಅಕ್ಕ ಅದರ ರೆಕ್ಕೆಯಡಿಗೆ ಕೈ ತೂರಿಸಿ, ಮೊಟ್ಟೆಗಳ ನಡುವಿನಿಂದ ನನ್ನ ಬಾಟಲಿಯನ್ನು ತೆಗೆದರು. ಎಂದಾದರೂ ಬೇಕಾದೀತೆಂದು ನಾನು ಅವರ ಫ್ರಿಜ್ಜಿನಲ್ಲಿ ಇಟ್ಟಿದ್ದ ಗುಲಾಬಿ ದ್ರವದ ಬಾಟಲಿ. ಒಳಗೆ ಕೈಮದ ಹಾಗೆ ಸಣ್ಣಗೆ ಕೊಚ್ಚಿದ ಮಾಂಸ, ಮಂಜು ಮಂಜಾದ ನೀರು.

"ಇಡೀ ಗಂಟು ಬಾಟ್ಲಿ ಬಾಯೊಳಕ್ಕೆ ಓಗ್ನಿಲ್ಲ ಕಣವ್ವ, ಅದ್ಕೆ ಕೊಚ್ಚಾಕ್ದೆ. ಕರೆಂಟೂ ಇಲ್ಲ. ನೀನೇ ಏಳಿದ್ಯಲ್ಲ ಜೀವ ಅದೆ ಅಂತ. ಸತ್ತದ್ನ ತಣ್ಣಗೆ ಮಡಗ್ತರೆ, ಜೀವ ಇರೋದ್ನ ಬೆಚ್ಚಗೆ ಮಡಗ್ಬೇಕು" ಎಂದು ಪಿಸುಗುಟ್ಟಿ, ಮಗು ಕೊಡುವ ಹಾಗೆ ನನ್ನ ಕೈಗೆ ಕೊಟ್ಟರು. ಮುಖದಲ್ಲಿ ನಗು.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ.

"ಏನ್ ಮಾಡಿಬಿಟ್ರಿ ಅಕ್ಕ! ತಲೆ ನೆಟ್ಟಗಿದೆಯಾ ನಿಮಗೆ? ಗೊತ್ತಿಲ್ಲ ಅಂದ್ಮೇಲೆ ಮುಟ್ಟಬಾರದು! ಓದು ಬರಹ ಇಲ್ಲದೋರ ಹತ್ರ ಹೇಳಿದ್ದು ನಂದೇ ತಪ್ಪು!"

"ಮೆತ್ತಗೆ ಕಣವ್ವ" ಎಂದರು ಅವರು, ನಗು ಇನ್ನೂ ಪೂರ್ತಿ ಆರಿರಲಿಲ್ಲ. "ಒಳಗೆ ಉಣ್ತಾವ್ರೆ."

"ಸತ್ತೋರು ಉಣ್ಣಲ್ಲ ಅಕ್ಕಾ!"

ಇಡೀ ಹಿತ್ತಲಿಗೆ ಕೇಳುವ ಹಾಗೆ ಕೂಗಿದೆ. ಕೋಳಿ ಗಾಬರಿಯಾಗಿ ಎದ್ದು ರೆಕ್ಕೆ ಬಡಿಯಿತು. ಬಾಟಲಿ ಹಿಡಿದು ಬೀದಿಗೆ ಬಂದೆ. ನಿಂಗಣ್ಣ ಹಿಂದೆ ಓಡಿಬಂದು, "ಉಣ್ಣದೆ ಓಗ್ಬ್ಯಾಡ ಮೇಡಮ್ಮ, ಅಬ್ಬದ ದಿನ" ಎಂದರು. ತಿರುಗಿ ನೋಡಲಿಲ್ಲ.

ಪ್ರಯೋಗಾಲಯದಲ್ಲಿ ಕಾಯುವ ಮುದುಕನೂ ಹಬ್ಬಕ್ಕೆ ಹೋಗಿದ್ದ. ಬಾಟಲಿಯನ್ನು ಎಸೆಯಬೇಕೆಂದು ತೊಟ್ಟಿಯವರೆಗೆ ಒಯ್ದವಳು, ಕೋಣೆಗೆ ಹೋಗಿ ತಾನೇ ಮಾಡುವುದೇನು ಎಂದು ಕೋಶಗಳನ್ನು ಸೋಸಿ, ಬಣ್ಣ ಹಚ್ಚಿ ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಚುಕ್ಕಿಗಳು ಬೀಳತೊಡಗಿದವು. ಕೋಶಗಳು ಬದುಕಿದ್ದವು. ಅಷ್ಟೇ ಅಲ್ಲ, ಅವುಗಳ ಮೇಲೆ ರಿಸೆಪ್ಟರುಗಳು ನಾನು ಅದುವರೆಗೆ ಕಂಡದ್ದಕ್ಕಿಂತ ಹೆಚ್ಚು. ಒಂದೆರಡು ಕೋಶ ಅಲ್ಲ, ಇಡೀ ಗುಂಪು ಒಟ್ಟಿಗೆ ಬಲಕ್ಕೆ, ಹೆಚ್ಚಿನ ಕಡೆಗೆ ಸರಿದಿತ್ತು. ಎಲ್ಲವೂ ಕೈ ಚಾಚಿ ನಿಂತಿದ್ದವು.

ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಗ್ರಂಥಿಯೊಳಗೆ ಈ ಕೋಶಗಳ ಸುತ್ತ ಅಕ್ಕಪಕ್ಕದವರಿರುತ್ತಾರೆ, ಸದಾ ಮುಟ್ಟುತ್ತಿರುತ್ತಾರೆ. 'ಇನ್ನೂ ಹೊತ್ತಾಗಿಲ್ಲ, ತಾಳು' ಎಂಬುದನ್ನು ಆ ಸ್ಪರ್ಶವೇ ಹೇಳುತ್ತದೆ, ಕೋಶ ಕೈಗಳನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತದೆ. ಐಸಿನಲ್ಲಿಟ್ಟರೆ ಎಲ್ಲ ಹೆಪ್ಪುಗಟ್ಟಿದ ಹಾಗೆ, ಒಳಗಿನದು ಒಳಗೆ ಹೊರಗಿನದು ಹೊರಗೆ. ಆದರೆ ಅದನ್ನು ಅಕ್ಕಪಕ್ಕದಿಂದ ಬಿಡಿಸಿ, ಒಂಟಿ ಮಾಡಿ, ಬೆಚ್ಚಗಿಟ್ಟರೆ? ತಾಳು ಅನ್ನುವವರಿಲ್ಲ. ಕೆಲವೇ ಗಂಟೆಗಳಲ್ಲಿ ಇದ್ದಬದ್ದ ಕೈಗಳನ್ನೆಲ್ಲ ಹೊರಗೆ ಚಾಚುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ, ತಿಳಿದವರು ಇಲಿಗಳಲ್ಲಿ ಇದನ್ನು ಎಂದೋ ಕಂಡಿದ್ದರು, ನಾನೇ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಓದು ಬರಹ ಬಂದವಳು ನಾನು. ಆದರೂ ಕೋಳಿಯೊಂದು ಕೂತು ತೋರಿಸಬೇಕಾಯಿತು.

ಆಮೇಲೆ ನೋಟ್‌ಬುಕ್ಕು ತೆಗೆದೆ. 'ವಿಶ್ರಾಂತಿ' ಎಂದು ಬರೆದ ಕಡೆಯೆಲ್ಲ ಎಷ್ಟು ಹೊತ್ತು ಎಂದು ಬರೆದಿರಲಿಲ್ಲ. ವಿಶ್ರಾಂತಿಗೆ ಯಾರು ಗಂಟೆ ನೋಡುತ್ತಾರೆ? ಆದರೆ ನನ್ನ ಕೈಚೀಲದ ತಳದಲ್ಲಿ ಮದ್ದೂರಿನ ರೈಲು ಟಿಕೆಟ್ಟುಗಳು ಮುದ್ದೆಯಾಗಿ ಬಿದ್ದಿದ್ದವು. ಒಂದೊಂದನ್ನೇ ಬಿಡಿಸಿ, ತಾರೀಕು ಹೊತ್ತು ನೋಡಿ, ಪುಟಗಳ ಮೇಲೆ ಇಟ್ಟೆ. ಟಿಕೆಟ್ಟಿಲ್ಲದ ದಿನ ರಿಸೆಪ್ಟರು ಕಡಿಮೆ. ಟಿಕೆಟ್ಟಿದ್ದ ದಿನ ಹೆಚ್ಚು. ಎರಡು ರೈಲು ಬಿಟ್ಟ ದಿನ ಇನ್ನೂ ಹೆಚ್ಚು. ನನ್ನ ಕೈ ಸ್ಥಿರವಾಗಿಯೇ ಇತ್ತು. ನನಗೆ ಕೋಣೆಯಲ್ಲಿ ಎಷ್ಟು ಹೊತ್ತು ಕೂರಲಾಗಲಿಲ್ಲವೋ ಅಷ್ಟು ಹೊತ್ತು ಅವೂ ಒಂಟಿಯಾಗಿ ಬೆಚ್ಚಗೆ ಕಾದಿದ್ದವು. ಮೂರು ತಿಂಗಳ ನನ್ನ ದುಃಖವನ್ನು ಯಾರೂ ಕೇಳಿರಲಿಲ್ಲ, ಈ ಕುರಿಮರಿಯ ಕೋಶಗಳು ಚಾಚೂ ತಪ್ಪದೆ ಅಳೆದು ಇಟ್ಟಿದ್ದವು. ಅಮ್ಮ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಆ ಮೇಜಿನ ಮುಂದೆ.

ಮುಂದಿನ ಗುರುವಾರ ಮೈಸೂರುಪಾಕಿನ ಪೊಟ್ಟಣ ಹಿಡಿದು ಮಳವಳ್ಳಿಗೆ ಹೋದೆ. ಕ್ಷಮೆ ಕೇಳಬೇಕು, ಕೋಳಿಯ ಉಪಕಾರ ಹೇಳಬೇಕು. ದೇವಮ್ಮಕ್ಕ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿದರು.

"ಒಳ್ಳೇದಾಯ್ತು ಬುಡು" ಎಂದರು.

"ನನ್ನ ಮೇಲೆ ಸಿಟ್ಟಾ ಅಕ್ಕ?"

"ನಂಗ್ಯಾಕ್ ಸಿಟ್ಟು? ನಾನು ಓದಿಲ್ಲ, ಅದು ದಿಟವೇ." ಬೂದಿ ಕೈಯನ್ನು ಒಂದು ಕ್ಷಣ ನಿಲ್ಲಿಸಿದರು. "ನಿಮ್ಮವ್ವಂಗೂ ಒಂದು ಎಲೆ ಆಕಿದ್ದೆ ಕಣವ್ವ, ಒಳಗೆ. ರೊಟ್ಟಿ, ಉಚ್ಚೆಳ್ಳು ಚಟ್ನಿ. ನೀನು ಏಳ್ಕೆ ಬತ್ತೀಯ, ನಿನ್ನ ಕೈಲೇ ಇಡ್ಸಾನ ಅಂತ ಕಾದೆ. ಬರ್ನಿಲ್ಲ. ನಾನೇ ಇಟ್ಟೆ."

ಮೈಸೂರುಪಾಕಿನ ಪೊಟ್ಟಣವನ್ನು ಕೆಳಗಿಟ್ಟೆ.

"ಕದ ತೆಗುದ್ ನೋಡ್ದೆ. ನಮ್ಮೋರ ಎಲೇಲೆಲ್ಲಾ ಅನ್ನ ಜರುಗಿತ್ತು, ಉಂಡವ್ರೆ. ನಿಮ್ಮವ್ವಂದು ಮಾತ್ರ ಮುಟ್ಟಿರ್ನಿಲ್ಲ. ಇಟ್ಟ ರೊಟ್ಟಿ ಇಟ್ಟಂಗೇ ಇತ್ತು. ಉಣ್ಣಾಕ್ ಕುಂತೋರು ಎದ್ದೋದ್ರೇನೋ."

ಅವರು ಚುಚ್ಚುವುದಕ್ಕೆ ಹೇಳಿದ್ದಲ್ಲ. ಆ ಕಡೆಯವರ ಮಾತೇ ಹಾಗೆ, ಕಂಡದ್ದನ್ನು ಕಂಡ ಹಾಗೆ ಆಡುತ್ತಾರೆ. ಸತ್ತವರು ಉಣ್ಣುವುದಿಲ್ಲ ಎಂದು ನನಗೆ ಗೊತ್ತು. ಗಾಳಿಗೆ ಅನ್ನ ಜರುಗುತ್ತದೆ, ಇರುವೆ ಬರುತ್ತದೆ, ಗಟ್ಟಿ ರೊಟ್ಟಿ ಹೇಗಿಟ್ಟರೆ ಹಾಗೇ ಇರುತ್ತದೆ. ಇದನ್ನೆಲ್ಲ ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಆದರೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು: ಸತ್ತ ಮೇಲೆ ಮೊದಲ ಸಲ ಅಮ್ಮನಿಗೊಂದು ಎಲೆ, ಅವಳು ಬಂದು ಕೂತು ರೊಟ್ಟಿಗೆ ಕೈ ಹಾಕುವಾಗ ಹಿತ್ತಲಿನಿಂದ ಮಗಳ ಕೂಗು.

ಕೆಲಸ ಮಾತ್ರ ಸುಸೂತ್ರವಾಗಿ ಮುಗಿಯಿತು. ಗಡಿಯಾರ ಇಟ್ಟುಕೊಂಡು, ಗ್ರಂಥಿಯ ಒಳಗಿದ್ದವು ಬೇರೆ, ಬಿಡಿಸಿದವು ಬೇರೆ, ಐಸಿನವು ಬೇರೆ, ಬೆಚ್ಚಗಿಟ್ಟವು ಬೇರೆ ಎಂದು ಮತ್ತೆ ಅಳೆದೆ. ದೀಪಾವಳಿಗೆ ಮೂರು ದಿನ ಮೊದಲು ಒಂದರ ಮೇಲೊಂದು ಕೂರುವಂಥ ಗೆರೆಗಳು ಬಂದವು. "ಮೊದಲು ಇದು ಹೇಗೆ ಹೊಳೀತು? ಯಾವ ಇನ್‌ಕ್ಯುಬೇಟರ್?" ಎಂದು ಮೇಡಂ ಕೇಳಿದರು. "ಹಳೇ ಮಾಡೆಲ್ ಮೇಡಂ" ಎಂದೆ. ಥೀಸಿಸ್ ಮುಗಿಯಿತು, ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು, ಮಂಡ್ಯ ಬಿಟ್ಟೆ. ಆ ವರ್ಷ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ದೇವಮ್ಮಕ್ಕ ಮುಗಿಸಲಿಲ್ಲ. ಪ್ರತಿ ಪಕ್ಷಕ್ಕೆ ಎರಡು ದಿನ ಮೊದಲು ಫೋನು. "ನಿಮ್ಮವ್ವಂಗೆ ಎಲೆ ಆಕ್ತೀನಿ. ಬತ್ತೀಯಾ?" ಒಂದು ವರ್ಷ ರಜೆ ಇಲ್ಲ ಎಂದೆ, ಇನ್ನೊಂದು ವರ್ಷ ಜ್ವರ ಎಂದೆ, ಮೂರನೇ ವರ್ಷ ಫೋನೇ ಎತ್ತಲಿಲ್ಲ. ಸಂಜೆ ಏಳಕ್ಕೆ ಕೈ ಜೇಬಿಗೆ ಹೋಗುವುದು ಮಾತ್ರ ನಿಂತಿರಲಿಲ್ಲ. ಈ ವರ್ಷ ಅವರು ಕೇಳಲಿಲ್ಲ. "ರೊಟ್ಟಿ ನೀನೇ ತಟ್ಬೇಕು ಈ ಸಲ, ನಂಗೆ ಕೈ ನೋವು" ಎಂದು ಹೇಳಿ ಫೋನಿಟ್ಟರು. ಹಾಗಾಗಿ ಮಳವಳ್ಳಿಯಲ್ಲಿ ಬಸ್ಸಿಳಿದೆ, ತಲೆಕಾಲು ಸುಡುವ ವಾಸನೆಯಲ್ಲಿ ನಿಂತೆ, ಚೀಲದಲ್ಲಿ ಅಮ್ಮನ ಕಾವಲಿ.

ಅಂಗಡಿ ಹಾಗೇ ಇತ್ತು. ನಿಂಗಣ್ಣ ಕತ್ತಿ ಇಟ್ಟು, "ಕತ್ತಿನ ಬೆಣ್ಣೆ ಮೇಡಮ್ಮ ಬಂದ್ರು" ಎಂದು ಒಳಗೆ ಕೂಗಿದರು. ದೇವಮ್ಮಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೆಂಪು ಕೋಳಿಯನ್ನು ವಿಚಾರಿಸಿದೆ. "ಅದು ಸಾರಾಗಿ ಏಸು ಕಾಲಾಯ್ತು" ಎಂದರು. ಕೈ ನೋವೇನೂ ಕಾಣಲಿಲ್ಲ, ಒಂದೇ ಕೈಯಲ್ಲಿ ರುಬ್ಬುತ್ತಿದ್ದರು. ನನ್ನನ್ನು ಒಲೆಯ ಮುಂದೆ ಕೂರಿಸಿ ಪಕ್ಕದಲ್ಲಿ ತಾವೂ ಕೂತರು. ಅಮ್ಮನ ಕಾವಲಿಯ ಮೇಲೆ ರಾಗಿ ಹಿಟ್ಟು ತಟ್ಟಿದೆ. ಎಬ್ಬಿಸುವಾಗ ಅದು ಎಂದಿನಂತೆ ಒಂದು ಅಂಚನ್ನು ಕಾವಲಿಗೆ ಬಿಟ್ಟುಕೊಟ್ಟು ಎದ್ದಿತು.

"ಇದ್ಯಾವೂರ್ ರೊಟ್ಟಿಯವ್ವ!" ಎಂದು ಅಕ್ಕ ನಕ್ಕರು. "ಇರ್ಲಿ, ಅದ್ನೇ ಇಡು."

ಅಂಚು ಮುರಿದ ಆ ರೊಟ್ಟಿಯನ್ನೇ ಅಮ್ಮನ ಎಲೆಗೆ ಬಡಿಸಿದೆ. ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿ, ಒಂದು ಲೋಟ ನೀರು. ಎಲ್ಲರೂ ಹೊರಗೆ ಬಂದೆವು, ನಿಂಗಣ್ಣ ಕದ ಎಳೆದುಕೊಂಡರು.

"ಈ ಸಲನಾದ್ರೂ ಬಾಯ್ ಮುಚ್ಕೊಂಡ್ ನಿಂತ್ಕೊ" ಎಂದು ದೇವಮ್ಮಕ್ಕ ನನ್ನ ಕಿವಿಯಲ್ಲಿ ಹೇಳಿದರು.

ಜಗಲಿಯಲ್ಲಿ ಕೈಕಟ್ಟಿಕೊಂಡು ನಿಂತೆ. ಬೀದಿಯಲ್ಲಿ ಒಂದು ಬೈಕು ಹೋಯಿತು. ಎಲ್ಲೋ ಒಂದು ಕೋಳಿ ಕೂಗಿತು. ಬಾಗಿಲ ಆಚೆ ಏನೂ ಸದ್ದಿಲ್ಲ. ಅಮ್ಮ ಉಣ್ಣುವಾಗ ಸದ್ದು ಮಾಡುತ್ತಿರಲಿಲ್ಲ, ಎಲ್ಲ ಹುಡುಗಿಯರೂ ಉಂಡೆದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು ಬೇಗಬೇಗ ಉಂಡುಬಿಡುತ್ತಿದ್ದಳು. ಈಗ ಅವಸರವಿಲ್ಲ, ನಿಧಾನಕ್ಕೆ ಉಣ್ಣು ಎಂದು ಮನಸ್ಸಿನಲ್ಲೇ ಹೇಳಿದೆ. ನಂಬಿಕೆ ಇಲ್ಲದವಳು ಹೇಳಿದೆ.

ನಿಂಗಣ್ಣ ಕದ ಮೂರು ಸಲ ಬಡಿದು ತೆಗೆದರು. ದೇವಮ್ಮಕ್ಕ ಮೊದಲು ಒಳಗೆ ಹೋಗಿ, ತಮ್ಮವರ ಎಲೆಗಳನ್ನು ದಾಟಿ, ಕೊನೆಯ ಎಲೆಯ ಮುಂದೆ ಬಗ್ಗಿ ನೋಡಿದರು.

"ಬಾ ಇಲ್ಲಿ. ನೋಡು, ರೊಟ್ಟಿ ಅಂಚು ಮುರ್ಕೊಂಡವ್ರೆ. ನಿಮ್ಮವ್ವ ಉಂಡವ್ರೆ ಕಣವ್ವ."

ನಾನು ಅಕ್ಕನ ಮುಖ ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ. ಆ ಅಂಚಿನ ಚೂರು ಇನ್ನೂ ಒಲೆಯ ಮೇಲಿನ ಕಾವಲಿಗೆ ಅಂಟಿಕೊಂಡೇ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.

"ಹೂಂ ಅಕ್ಕ, ಉಂಡಿದ್ದಾಳೆ" ಎಂದೆ. ಆಮೇಲೆ ಆ ಎಲೆಯ ಮುಂದೆ ಕೂತು, ಉಳಿದ ರೊಟ್ಟಿಯನ್ನು ಉಂಡೆ.